ಬನ್ನಿಕಟ್ಟಿಯ ವಸ್ತಿ ಬಸ್ಸು

2024ರ ಡಿಸೆಂಬರ್ 31, ಮಂಗಳವಾರ. ಹಿಂದಿನ ದಿನ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಕಡಬು ಉಂಡು ಬಂದ ಶಿರಹಟ್ಟಿ ಠಾಣೆಯ ಸಿಬ್ಬಂದಿಗೆ ಬೆಳಗಿನ ಹನ್ನೊಂದಾದರೂ ಕಣ್ಣು ಎಳೆಯುತ್ತಿತ್ತು. ಸಾರಿಗೆ ಡಿಪೊದ ಮ್ಯಾನೇಜರ್ ಸಿದ್ದಲಿಂಗೇಶ ಒಳಗೆ ಬಂದಾಗ ಹೆಡ್ ಕಾನ್‌ಸ್ಟೆಬಲ್ ಫಕೀರೇಶ ಉಳಿದ ಕಡಬಿನ ಡಬ್ಬಿಯನ್ನು ಮೇಜಿನ ಕೆಳಗೆ ಸರಿಸಿ ಎದ್ದು ನಿಂತ.

"ಏನು ಕಳುವಾಗೇತ್ರಿ?" ಪಿಎಸ್‌ಐ ಮಾಳಿಂಗರಾಯ ಕೇಳಿದರು.

"ಕಳುವಲ್ರಿ. ನಮ್ಮ ಹೊಸ ಬಸ್ಸಿನ ಹೊಟ್ಟ್ಯಾಗ ಯಾರೋ ನೀರು ಹಾಕಾಕತ್ತಾರ."

"ಡೀಸೆಲ್‌ನ್ಯಾಗ?"

"ಅಲ್ರಿ, ಯೂರಿಯಾದಾಗ."

ಹೊಲಕ್ಕೆ ಹಾಕುವ ಯೂರಿಯಾ ಬಸ್ಸಿಗೆ ಯಾಕೆ ಎಂದು ಫಕೀರೇಶ ಮುಖ ನೋಡಿದ. ಮ್ಯಾನೇಜರ್ ಬಿಡಿಸಿ ಹೇಳಿದರು. ಹೊಸ ಬಸ್ಸುಗಳು ಹಳೆಯವುಗಳಂತೆ ಕಪ್ಪು ಹೊಗೆ ಉಗುಳುವುದಿಲ್ಲ. ಡೀಸೆಲ್ ಟ್ಯಾಂಕಿನ ಪಕ್ಕ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕು ಇರುತ್ತದೆ. ಅದರಲ್ಲಿನ ಯೂರಿಯಾ ದ್ರಾವಣ ಹೊಗೆಯೊಳಗಿನ ವಿಷವನ್ನು ಕೊಲ್ಲುತ್ತದೆ. ಅದಕ್ಕೆ ನೀರು ಬೆರೆತರೆ ಡ್ರೈವರ್ ಎದುರಿಗೆ ದೀಪ ಹತ್ತುತ್ತದೆ. ದೀಪ ಹತ್ತಿದ ಬಸ್ಸನ್ನು ಓಡಿಸಬಾರದು, ಡಿಪೊಕ್ಕೆ ಫೋನು ಮಾಡಿ ಅಲ್ಲೇ ನಿಲ್ಲಿಸಬೇಕು ಎಂಬುದು ನಿಯಮ. ಸಂಜೆ ನಿಂತ ಬಸ್ಸಿಗೆ ಮೆಕ್ಯಾನಿಕ್ ಹೋಗುವುದು ಮರುದಿನ ಬೆಳಿಗ್ಗೆಯೇ, ಅಲ್ಲಿಯವರೆಗೆ ಡ್ರೈವರೂ ಅಲ್ಲೇ.

"ಮೂರು ಸಲ ಹಿಂಗಾತ್ರಿ. ಅಕ್ಟೋಬರ್ ಹದಿನೇಳು, ನವೆಂಬರ್ ಹದಿನೈದು, ನಿನ್ನೆ. ಮೂರೂ ಸಲ ಸಂಜಿ ಟ್ರಿಪ್ಪು, ಮೂರೂ ಸಲ ಬನ್ನಿಕಟ್ಟಿ."

"ಸಂಶಯ ಯಾರ ಮ್ಯಾಲೆ?"

"ಡ್ರೈವರ್ ಉಡಚಪ್ಪ. ಕಂಡಕ್ಟರೂ ಅವನ. ಯೂರಿಯಾ ತಗದು ಮಾರ್ಕೊಂಡು ನೀರು ತುಂಬತಾನ. ಇನ್ನ ನಾಲ್ಕು ತಿಂಗಳಿಗೆ ರಿಟೈರ್ ಆಗಾಂವ, ಈಗ ಬುದ್ಧಿ ಕೆಟ್ಟೈತಿ. ಸೋಮವಾರ ಸಸ್ಪೆಂಡ್ ಆರ್ಡರ್ ಕೈಗೆ ಕೊಡತೀನಿ."

ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಹುದ್ದೆಯ ಕೊನೆಯ ನಾಲ್ಕು ತಿಂಗಳಲ್ಲಿ ಕಳ್ಳನೆಂಬ ಹೆಸರು ಹೊತ್ತು ಮನೆಗೆ ಹೋಗುವುದೆಂದರೆ ಏನೆಂದು ಮಾಳಿಂಗರಾಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆರೋಪಿ ಇವನೇ ಎಂದು ಫಿರ್ಯಾದಿಯವರೇ ತೀರ್ಮಾನ ಮಾಡಿಕೊಂಡು ಬಂದರೆ ಅವರಿಗೆ ಮೊದಲಿನಿಂದಲೂ ಸ್ವಲ್ಪ ಸಿಟ್ಟು ಬರುತ್ತಿತ್ತು.

ಮಧ್ಯಾಹ್ನ ಡಿಪೊದಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಮ್ಯಾನೇಜರ್ ಟ್ಯಾಂಕಿನ ಅಳತೆ ತೋರಿಸಿದರು. ತಳ ಕಾಣುವಂತಿದ್ದ ದ್ರಾವಣಕ್ಕೆ ಬೆರೆತ ನೀರು ಎರಡು ಲೀಟರಿನ ಒಳಗೇ ಇತ್ತು. ನಂತರ ಹೊಗೆ ಕೊಳವೆಯೊಳಗೆ ಯೂರಿಯಾ ಚಿಮ್ಮಿಸುವ ನಳಿಕೆಯನ್ನು ಬಿಚ್ಚಿಸಿದರು. ಅದು ಥಳಥಳ ಹೊಳೆಯುತ್ತಿತ್ತು.

"ಇದೊಂದು ನಮ್ಮ ಪುಣ್ಯ ನೋಡ್ರಿ," ಎಂದರು ಮ್ಯಾನೇಜರ್. "ಬೋರಿನ ಸವುಳು ನೀರು ಹಾಕಿದ್ರ ಇಲ್ಲೆ ಬೆಳ್ಳಗ ಸುಣ್ಣ ಕಟ್ಟಿ ಇಡೀ ಸಾಮಾನು ಕೆಡತಿತ್ತು. ಮೂರೂ ಸಲ ಸೀನೀರು ಬಿದ್ದೈತಿ."

ಮಾಳಿಂಗರಾಯರು ಫಕೀರೇಶನ ಕಡೆ ತಿರುಗಿದರು. "ಬನ್ನಿಕಟ್ಟ್ಯಾಗ ಸೀನೀರು ಎಲ್ಲಿ ಸಿಗತೈತಿ?"

"ಊರಾಗ ಎಲ್ಲಾ ಬೋರೂ ಸವುಳು ಸಾಹೇಬ್ರ. ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರೆ ಬಿಡಂಗಿಲ್ಲ. ಸೀನೀರು ಬೇಕಂದ್ರ ಫಿಲ್ಟರ್ ಘಟಕಕ್ಕ ಹೋಗಿ ನಾಣ್ಯ ಹಾಕಬೇಕು."

ಬಸ್ ಕೆಡಿಸಲು ಬಂದವನು ಎದುರಿಗೇ ಇರುವ ನಲ್ಲಿ ಬಿಟ್ಟು, ನಾಣ್ಯ ಹಾಕಿ ಕುಡಿಯುವ ನೀರು ತರುತ್ತಾನೆಯೇ? ಬಸ್ಸು ನಿಲ್ಲಬೇಕು, ಆದರೆ ಅದಕ್ಕೆ ನೋವಾಗಬಾರದು ಎಂದು ಯಾರೋ ಅಂದುಕೊಂಡಂತಿತ್ತು. ಸ್ಟೀರಿಂಗಿನ ಮುಂದೆ, ಗಾಜಿನ ಮೂಲೆಯಲ್ಲಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಗುಬ್ಬಿ ಗಾತ್ರದ ಸಕ್ಕರೆ ಕುದುರೆಯೊಂದು ಕುಳಿತಿತ್ತು. ಇರುವೆ ಹತ್ತದಂತೆ ಅದರ ಸುತ್ತ ಅರಿಸಿನಪುಡಿಯ ಗೆರೆ ಎಳೆದಿದ್ದರು. ಮಾಳಿಂಗರಾಯರು ಅದನ್ನು ಪಂಚನಾಮೆಯಲ್ಲಿ ಬರೆಸಲಿಲ್ಲ. ನೆನಪಿನಲ್ಲಿ ಮಾತ್ರ ಇಟ್ಟುಕೊಂಡರು.

ಜನವರಿ 1ರಂದು ಉಡಚಪ್ಪನನ್ನು ಠಾಣೆಗೆ ಕರೆಸಿದರು. ಐವತ್ತೊಂಬತ್ತರ ಮನುಷ್ಯ. ಗದಗಿನ ಬೆಟಗೇರಿಯಲ್ಲಿ ಒಂದು ಖೋಲಿ ಮಾಡಿಕೊಂಡು ಒಬ್ಬನೇ ಇದ್ದ. ಹೆಂಡತಿ ತೀರಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಖಾಕಿ ಅಂಗಿಯ ಕಾಲರು ಸವೆದಿದ್ದರೂ ಇಸ್ತ್ರಿ ಖಡಕ್ಕಾಗಿತ್ತು.

"ಬನ್ನಿಕಟ್ಟಿಗೆ ಎಷ್ಟು ವರ್ಷದಿಂದ ಹೋಗತೀರಿ?"

"ಹನ್ನೊಂದು ವರ್ಷಾತ್ರಿ. ಮದಲ ವಸ್ತಿ ಇತ್ತು."

ವಸ್ತಿ ಎಂದರೆ ಇಲ್ಲಿಯವರಿಗೆ ಗೊತ್ತು. ಕೊನೆಯ ಬಸ್ಸು ಊರಲ್ಲೇ ತಂಗುತ್ತದೆ, ಬೆಳಗಿನ ಆರಕ್ಕೆ ಹೊರಡುತ್ತದೆ. ಡ್ರೈವರ್ ಗುಡಿಯ ಕಟ್ಟೆಯ ಮೇಲೆ ಮಲಗುತ್ತಾನೆ. ಊರಿನ ಬಸ್ಸು ತಂಗಿದೆ ಎಂದ ಮೇಲೆ ಡ್ರೈವರನ ಊಟ ಊರಿನದೇ. ಯಾರಾದರೂ ರೊಟ್ಟಿ ಬುತ್ತಿ ತಂದು ಕೊಡುತ್ತಾರೆ, ಅದಕ್ಕೆ ಯಾರೂ ಲೆಕ್ಕ ಇಡುವುದಿಲ್ಲ.

"ವಸ್ತಿ ಯಾಕ ತಗದರು?"

"ಹೊಸ ಗಾಡಿ ಬಂತಲ್ರಿ. ದಿನಾ ರಾತ್ರಿ ಡಿಪೊಕ್ಕ ಹೋಗಬೇಕು, ಯೂರಿಯಾ ತುಂಬಬೇಕು, ಹೊಗಿ ಫಿಲ್ಟರ್ ನೋಡಬೇಕು. ಈಗ ಬನ್ನಿಕಟ್ಟ್ಯಾಗ ಹತ್ತ ನಿಮಿಷ ಅಷ್ಟ ಸ್ಟಾಪು."

"ನೀರು ಹಾಕಿದವರು ಯಾರು?"

"ಗೊತ್ತಿಲ್ರಿ."

"ಸವುಳು ನೀರಲ್ಲ ಉಡಚಪ್ಪನವರ. ಫಿಲ್ಟರ್ ಸೀನೀರು."

ಉಡಚಪ್ಪ ತಲೆ ಎತ್ತಿದ. ಅಲ್ಲಿಯವರೆಗೆ ಬೇಸರವಷ್ಟೇ ಇದ್ದ ಮುಖದಲ್ಲಿ ಏನೋ ಒಮ್ಮೆ ಮಿನುಗಿ ಹೋಯಿತು. ಅದನ್ನು ಭಯ ಎನ್ನಬೇಕೋ ಸಂತೋಷ ಎನ್ನಬೇಕೋ ಮಾಳಿಂಗರಾಯರಿಗೆ ತಿಳಿಯಲಿಲ್ಲ.

"ನಾನ ಹಾಕೀನಿ ಅಂತ ಬರಕೊಳ್ರಿ ಸಾಹೇಬ್ರ."

"ಎಷ್ಟು ಹಾಕಿದ್ರಿ?"

"ಒಂದು ಕೊಡ."

"ಯಾಕ?"

"ಯೂರಿಯಾ ಮಾರಿದ್ದೆ."

"ಟ್ಯಾಂಕ್‌ನ್ಯಾಗ ಬಿದ್ದಿದ್ದು ಒಂದು ಚರಗಿ ನೀರು. ಅಷ್ಟು ಯೂರಿಯಾ ಮಾರಿದ್ರ ಒಂದು ಚಾದ ರೊಕ್ಕ ಹುಟ್ಟಂಗಿಲ್ಲ. ಯಾರನ್ನ ಉಳಸಾಕತ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಮಾಳಿಂಗರಾಯರು ನೋಡಿದ್ದರು. ಇವನು ಇನ್ನೊಬ್ಬರ ಹೆಗಲಿನ ಬೂದಿಯನ್ನು ತನ್ನ ಹೆಗಲಿಗೆ ಬಳಿದುಕೊಳ್ಳುತ್ತಿದ್ದ. ಹೇಳಿಕೆ ಬರೆದುಕೊಳ್ಳದೆ ಅವನನ್ನು ಡ್ಯೂಟಿಗೆ ಕಳಿಸಿದರು.

ಸಂಜೆ ಫಕೀರೇಶ ಗೋಡೆಯ ಮೇಲೆ ಇನ್ನೂ ಇದ್ದ ಹಳೆಯ ವರ್ಷದ ಕ್ಯಾಲೆಂಡರ್ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ನಿಂತಿದ್ದವನು ಒಮ್ಮೆಲೇ ನಕ್ಕ.

"ಏನ್ ನಗಾಕತ್ತೀಯಪಾ?"

"ಮ್ಯಾನೇಜರ್ ಸಾಹೇಬ್ರು ಬರೇ ತಾರೀಖು ಹೇಳಿದ್ರು, ನಾವೂ ತಾರೀಖ ಹಿಡ್ಕೊಂಡು ಕುಂತ್ವಿ. ಅಕ್ಟೋಬರ್ ಹದಿನೇಳು ಸೀಗಿ ಹುಣ್ಣಿಮಿ. ನವೆಂಬರ್ ಹದಿನೈದು ಗೌರಿ ಹುಣ್ಣಿಮಿ. ಮೊನ್ನೆ ಎಳ್ಳ ಅಮಾಸಿ. ಕಳ್ಳ ಹಬ್ಬ ನೋಡಿ ಕಳುವು ಮಾಡತಾನೇನ್ರಿ? ಹಬ್ಬದ ದಿನಾ ಯಾರಿಗೋ ಯಾರೋ ಊಟಕ್ಕ ಬೇಕಾಗ್ಯಾರ."

ಗೌರಿ ಹುಣ್ಣಿಮೆ ಎಂದ ಕೂಡಲೇ ಮಾಳಿಂಗರಾಯರಿಗೆ ಸಕ್ಕರೆ ಕುದುರೆ ನೆನಪಾಯಿತು. ಆ ಹುಣ್ಣಿಮೆಗಲ್ಲವೇ ಸಕ್ಕರೆ ಆರತಿ, ಸಕ್ಕರೆ ಗೊಂಬೆ. ಅವರ ಊರಾದ ಇಂಡಿಯಲ್ಲಿ ಮಗಳು ಅದೇ ದಿನ ಅಪ್ಪ ಬರುತ್ತಾನೆಂದು ಆರತಿ ಹಿಡಿದು ಕುಳಿತಿದ್ದಳಂತೆ. ಬಂದೋಬಸ್ತು ಇದ್ದುದರಿಂದ ಅವರು ಹೋಗಿರಲಿಲ್ಲ.

ಜನವರಿ 2ರಂದು ಮಾಳಿಂಗರಾಯರು ಮಫ್ತಿಯಲ್ಲಿ ಉಡಚಪ್ಪನ ಸಂಜೆಯ ಬಸ್ಸನ್ನೇ ಹತ್ತಿದರು. ಜೊತೆಗೆ ಮಹಿಳಾ ಕಾನ್‌ಸ್ಟೆಬಲ್ ಮಮತಾ. ಫಕೀರೇಶ ಜೀಪಿನಲ್ಲಿ ಮುಂದೆ ಹೋಗಿದ್ದ. ಉಡಚಪ್ಪ ಇಬ್ಬರಿಗೂ ಟಿಕೇಟು ಹರಿದು ಕೊಟ್ಟ. ಕಪ್ಪತಗುಡ್ಡದ ಬುಡಕ್ಕೆ ಬಿಳಿಜೋಳ ತೆನೆ ಹಾಯುತ್ತಿತ್ತು. ಬಸ್ಸಿನ ಹಿಂದೆ ರಸ್ತೆಯ ಧೂಳು ಮಾತ್ರ ಏಳುತ್ತಿತ್ತು, ಹೊಗೆ ಇರಲಿಲ್ಲ.

ಬನ್ನಿಕಟ್ಟಿ ತಲುಪಿದಾಗ ಐದೂ ಮುಕ್ಕಾಲು. ಬಸ್ ನಿಲ್ದಾಣವೆಂದರೆ ಒಂದು ಬೇವಿನ ಮರ, ಗುಡಿಯ ಕಟ್ಟೆ, ಎದುರಿಗೆ ಶಾಲೆ. ಶಾಲೆಯ ಗೋಡೆಯ ಮೇಲೆ ಬಸ್ಸಿನ ಕೊಳವೆಯೆತ್ತರಕ್ಕೆ ಹಬ್ಬಿದ್ದ ಕಪ್ಪು ಮಸಿಯ ಗುರುತು ಇನ್ನೂ ಮಾಸಿರಲಿಲ್ಲ. ಹಳೆಯ ಬಸ್ಸು ಹನ್ನೊಂದು ವರ್ಷ ಪ್ರತಿದಿನ ಬೆಳಿಗ್ಗೆ ಅಲ್ಲಿ ನಿಂತು ಬಿಸಿಯಾಗುತ್ತಿತ್ತು. ಕಟ್ಟೆಯ ಪಕ್ಕದಲ್ಲಿ ತಗಡಿನ ಚಹಾ ಅಂಗಡಿ. ಅದರ ಒಡತಿ ಮಂಜವ್ವ, ಐವತ್ತರ ಆಸುಪಾಸಿನ ವಿಧವೆ, ಬಸ್ಸು ತಿರುವಿಗೆ ಬರುವ ಮೊದಲೇ ಚಹಾ ಸೋಸಿ ಇಟ್ಟಿದ್ದಳು. ಉಡಚಪ್ಪ ನಿಂತೇ ಕುಡಿದ. ಅವಳು ಬೇರೆಲ್ಲೋ ನೋಡುತ್ತಿದ್ದಳು, ಅವನು ಬಸ್ಸಿನ ಗಾಲಿ ನೋಡುತ್ತಿದ್ದ.

ಫಿಲ್ಟರ್ ಘಟಕ ನೋಡಿಕೊಳ್ಳುವ ಮೂಕಪ್ಪನನ್ನು ಫಕೀರೇಶ ಆಗಲೇ ಮಾತಿಗೆ ಎಳೆದಿದ್ದ. "ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನ್ರಿ ಸಾಹೇಬ್ರ, ಕೇಳ್ರಿ ಇಲ್ಲೆ," ಎಂದು ಅವನನ್ನು ಮುಂದೆ ಮಾಡಿದ.

"ಅಮಾಸಿ ದಿನಾ ಸಂಜಿಮುಂದ ಯಾರು ನೀರು ಒಯ್ದರು?"

"ಎಲ್ಲಾರೂ ಹೊಲಕ್ಕ ಹೋಗಿದ್ರರಿ. ಮಂಜವ್ವ ಒಬ್ಬಾಕಿ ಬಂದಿದ್ಳು, ಒಂದು ಚರಗಿ ಹಿಡಕೊಂಡು. ನಾಣ್ಯ ಹಾಕಿದ್ರ ಕೊಡ ತುಂಬತೈತಿ. ಚರಗಿಗೆ ಯಾಕ ರೊಕ್ಕ, ಹಂಗ ಹಿಡಕೋ ಬೇ ಅಂದೆ. ಕೇಳಲಿಲ್ಲ, ನಾಣ್ಯ ಹಾಕಿದ್ಳು. ಇದು ಪುಕ್ಕಟೆ ನೀರು ಆಗಬಾರದು ಅಂದ್ಳು."

ಮಾಳಿಂಗರಾಯರು ಅಂಗಡಿಯ ಬೆಂಚಿನ ಮೇಲೆ ಕುಳಿತು ತಮ್ಮ ಪರಿಚಯ ಹೇಳಿದರು. ಮಂಜವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಅವಳ ಹಿಂದೆ ಹಿತ್ತಾಳೆಯ ಚರಗಿ ಬೆಳಗಿ ಬೋರಲು ಹಾಕಿತ್ತು.

"ಮಂಜವ್ವಾರ, ನೀಲಿ ಮುಚ್ಚಳ ತಗದವರು ನೀವೇನು?"

"ಹೌದ್ರಿ."

"ಮೂರೂ ಸಲ?"

"ಮೂರೂ ಸಲ. ಅವರು ಗುಡಿಗೆ ಕೈ ಮುಗಿಯಾಕ ಹೋದಾಗ. ಅವರಿಗೆ ಗೊತ್ತಿಲ್ರಿ."

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಉಡಚಪ್ಪ ಧಾವಿಸಿ ಬಂದ. "ಸುಳ್ಳು ಹೇಳಾಕತ್ತಾಳರಿ, ನಾನ..."

"ನೀವು ಸುಮ್ಮಿರ್ರಿ," ಎಂದಳು ಮಂಜವ್ವ. "ಫಕೀರೇಶಪ್ಪನವರು ಈಗ ಹೇಳಿದ್ರು, ನಿಮ್ಮ ನೌಕರಿ ಹೋಗತೈತಂತ. ನನಗ ಆ ಖಬರ ಇದ್ದಿದ್ರ ಮುಚ್ಚಳ ಮುಟ್ಟತಿದ್ದಿಲ್ಲ."

"ನೀರು ಹಾಕಿದ್ರ ಬಸ್ ನಿಂದರತೈತಿ ಅಂತ ಯಾರು ಹೇಳಿದ್ರು?"

"ಅವರ ಹೇಳಿದ್ರು, ಹೊಸಾ ಗಾಡಿ ತಂದ ದಿನಾ. ಇದು ನಾಜೂಕಿನ ಗಾಡಿ ಮಂಜವ್ವ, ಒಂದು ಚರಗಿ ನೀರು ಬಿದ್ರ ದೀಪ ಹಚ್ಚಿ ಮುನಿಸ್ಕೊಂಡು ಕುಂದ್ರತೈತಿ, ಸವುಳು ನೀರು ಬಿದ್ರ ಸತ್ತ ಹೋಗತೈತಿ ಅಂದ್ರು. ಅದಕ ಸೀನೀರು ತಂದೆ. ಅದೂ ಊರಿಗೆ ಬಂದದ್ದಲ್ಲೇನ್ರಿ, ಬಂದವರಿಗೆ ಸವುಳು ನೀರು ಕೊಡತೀವೇನು?"

ಮಮತಾ ಮುಖ ಆ ಕಡೆ ತಿರುಗಿಸಿದಳು. ಮಾಳಿಂಗರಾಯರು ಕೇಳಲೇಬೇಕಾದ ಪ್ರಶ್ನೆ ಕೇಳಿದರು. "ಯಾಕ ಮಾಡಿದ್ರಿ?"

ಮಂಜವ್ವ ಶಾಲೆಯ ಗೋಡೆಯ ಮಸಿ ತೋರಿಸಿದಳು. "ಅದನ್ನ ನೋಡ್ರಿ. ಹಳೀ ಬಸ್ಸಿನ ಹೊಗಿಗೆ ಹುಡುಗೂರು ಕೆಮ್ಮತಿದ್ವು, ನಾನೂ ಕೆಮ್ಮತಿದ್ದೆ. ಹೊಗಿ ಇಲ್ಲದ ಬಸ್ ಕೊಡ್ರಿ ಅಂತ ಊರವರು ಅರ್ಜಿ ಬರದ್ರು. ಮದಲನೇ ಸಹಿ ನಂದ. ಬಸ್ ಬಂತು. ಕೆಮ್ಮು ನಿಂತೈತಿ, ಸುಳ್ಳ ಯಾಕ ಹೇಳ್ಲಿ. ಆದ್ರ ಹೊಗಿ ಹಿಂದ ವಸ್ತಿನೂ ಹೋಗತೈತಿ ಅಂತ ಯಾರೂ ಹೇಳಲಿಲ್ಲ."

ಅವಳು ಒಲೆಯ ಮೇಲಿನ ಚಹಾ ಪಾತ್ರೆ ಕೆಳಗಿಳಿಸಿದಳು.

"ಹನ್ನೊಂದು ವರ್ಷ ಅವರಿಗೆ ರೊಟ್ಟಿ ಬಡದು ಕೊಟ್ಟೀನ್ರಿ. ಕಟ್ಟಿ ಮ್ಯಾಲೆ ಕುಂತು ಉಂತಿದ್ರು, ನಾ ಇಲ್ಲೆ ಭಾಂಡೆ ತಿಕ್ಕತಿದ್ದೆ. ಗದಗಿನ್ಯಾಗ ಮಳಿ ಆತೇನು, ಮುಂಡರಗ್ಯಾಗ ನಮ್ಮ ತವರ ಮನಿ ಮಂದಿ ಸಿಕ್ಕಿದ್ರೇನು, ಇಷ್ಟ ಮಾತು. ಗಂಡ ಸತ್ತಾಕಿ ನಾನು. ವಸ್ತಿ ಡ್ರೈವರಿಗೆ ಉಣ್ಣಾಕ ಹಾಕಿದ್ರ ಊರ ಪದ್ಧತಿ ಅಂತಾರ. ಸುಮ್ಮನ ಒಬ್ಬ ಗಂಡಸನ್ನ ಊಟಕ್ಕ ಕರದ್ರ ಏನಂತಾರ? ಬಸ್ ಕೆಟ್ಟು ನಿಂತ್ರ ಯಾರೂ ಏನೂ ಅನ್ನಂಗಿಲ್ರಿ. ದಿನಾ ಬ್ಯಾಡ, ಹಬ್ಬಕ್ಕೊಮ್ಮೆ ಇರಲಿ ಅಂತ ಮಾಡಿದೆ."

ಉಡಚಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. "ನನ್ನ ಕೇಳಿದ್ರ ನಾ ಇರತಿದ್ದಿಲ್ಲೇನು?"

"ಹತ್ತ ನಿಮಿಷದ ಸ್ಟಾಪಿನ್ಯಾಗ ಅದನ್ನ ಹೆಂಗ ಕೇಳ್ಲಿ?"

ಗುಡ್ಡದ ಹಿಂದೆ ಸೂರ್ಯ ಮುಳುಗಿತ್ತು. ಮಾಳಿಂಗರಾಯರು ಗಡಿಯಾರ ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಠಾಣೆಯ ದನಿಯಲ್ಲಿ ಹೇಳಿದರು. ಸೂರ್ಯಾಸ್ತದ ನಂತರ ಹೆಣ್ಣುಮಕ್ಕಳನ್ನು ದಸ್ತಗಿರಿ ಮಾಡಲು ಕಾನೂನು ಒಪ್ಪುವುದಿಲ್ಲ. ಸೂರ್ಯೋದಯದ ನಂತರವೇ ಆಗಬೇಕು. ಸ್ಥಳ ಪಂಚನಾಮೆಯೂ ಬೆಳಕಿನಲ್ಲೇ ಆಗಬೇಕು. ಅಲ್ಲಿಯವರೆಗೆ ಬಸ್ಸು ಇದ್ದ ಜಾಗದಿಂದ ಅಲುಗಬಾರದು. ಬಸ್ಸಿನ ಜವಾಬ್ದಾರಿ ಡ್ರೈವರನದು, ಆದ್ದರಿಂದ ಅವನೂ ಅಲುಗಬಾರದು.

ವಾಪಸ್ ಹೋಗಬೇಕಿದ್ದ ಇಬ್ಬರು ಪ್ರಯಾಣಿಕರನ್ನು ಜೀಪಿನಲ್ಲಿ ಕಳಿಸಿದರು. ಆಮೇಲೆ ಡಿಪೊಕ್ಕೆ ಫೋನು ಮಾಡಿದರು.

"ಅಂದ್ರ ಮತ್ತ ವಸ್ತಿನೇನ್ರಿ?" ಸಿದ್ದಲಿಂಗೇಶರ ದನಿ ಏರಿತು.

"ಹೌದ್ರಿ. ತನಿಖೆ ಸಲುವಾಗಿ, ಇವತ್ತೊಂದು ದಿನ. ಮತ್ತ, ಆ ಸೋಮವಾರದ ಆರ್ಡರ್ ಹರದು ಒಗೀರಿ. ನಿಮ್ಮ ಡ್ರೈವರ್ ಕಳ್ಳ ಅಲ್ಲ."

ಫಕೀರೇಶ ಮೀಸೆಯೊಳಗೇ ನಗುತ್ತಿದ್ದ. ಬೆಳಕಿಗಾಗಿ ಕಾದು ಪಂಚನಾಮೆ ಮಾಡಿದ ಸಾಹೇಬರನ್ನು ತನ್ನ ಸರ್ವಿಸಿನಲ್ಲಿ ಅವನು ಕಂಡಿರಲಿಲ್ಲ. ಬ್ಯಾಟರಿ ಹಿಡಿದು ಮಾಡಿದ ಪಂಚನಾಮೆಗಳಿಗೇನೂ ಬರವಿರಲಿಲ್ಲ.

ಅಂದು ಹಬ್ಬವಲ್ಲ. ಆದರೂ ಮಂಜವ್ವ ಒಲೆ ಹೊತ್ತಿಸಿ ಜೋಳದ ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಕೆಂಪು ಖಾರದ ಮೇಲೆ ಗುರೆಳ್ಳು ಪುಡಿ ಉದುರಿಸಿದಳು. ಮಮತಾ ಪಕ್ಕದಲ್ಲಿ ಕುಳಿತು ಒಲೆಗೆ ಕಟ್ಟಿಗೆ ಸರಿಸಿದಳು. ಆರೋಪಿತೆ ಬಡಿಸಿದ ಊಟ ಪೊಲೀಸರು ಉಣ್ಣಬಹುದೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಉಡಚಪ್ಪ ಕಟ್ಟೆಯ ಮೇಲೆ ತನ್ನ ಹಳೆಯ ಜಾಗದಲ್ಲಿ ಕುಳಿತು ಉಂಡ. ಆ ಜಾಗವನ್ನು ಅವಳು ಈಗಲೂ ದಿನಾ ಕಸ ಹೊಡೆಯುತ್ತಿದ್ದಳೆಂದು ಮೂಕಪ್ಪ ಆಮೇಲೆ ಹೇಳಿದ.

"ಪಲ್ಯ ಹಾಕ್ಲಿ?"

"ಹಾಕು."

"ಗದಗಿನ್ಯಾಗ ಥಂಡಿ ಭಾಳ ಐತೇನು?"

"ಐತಿ. ಇಲ್ಲಿಗಿಂತ ಹೆಚ್ಚು."

ಅಷ್ಟೇ ಮಾತು. ಇಂಡಿಯಲ್ಲಿ ಉಣ್ಣದೆ ಕಾಯುವ ತಮ್ಮ ಹೆಂಡತಿಯ ನೆನಪಾಗಿ ಮಾಳಿಂಗರಾಯರು ಫೋನು ತೆಗೆದುಕೊಂಡು ಬೇವಿನ ಮರದ ಆಚೆ ಹೋದರು.

ಜನವರಿ 3, ಶುಕ್ರವಾರ. ಸೂರ್ಯೋದಯದ ನಂತರ ಸ್ಥಳ ಪಂಚನಾಮೆ ಮುಗಿಯಿತು. ಹಿತ್ತಾಳೆ ಚರಗಿಯನ್ನು ಮುದ್ದೆಮಾಲು ಎಂದು ವಶಪಡಿಸಿಕೊಂಡರು. ಮಾಳಿಂಗರಾಯರು ದಸ್ತಗಿರಿ ಪತ್ರ ತುಂಬಿಸಲು ಕುಳಿತರು. ಹೆಸರು, ವಯಸ್ಸು, ಊರು ಆಯಿತು.

"ನಿಮ್ಮನ್ನ ದಸ್ತಗಿರಿ ಮಾಡಿದ್ದು ನಿಮ್ಮವರು ಯಾರಿಗಾದ್ರೂ ತಿಳಸಬೇಕು ಮಂಜವ್ವಾರ. ಯಾರಿಗೆ ತಿಳಸಲಿ?"

ಅವಳು ಯೋಚಿಸಿದಳು. ಗಂಡ ಸತ್ತು ಹದಿನೆಂಟು ವರ್ಷ. ಮಕ್ಕಳಿಲ್ಲ. ಮುಂಡರಗಿಯ ಅಣ್ಣ ಮಾತು ಬಿಟ್ಟಿದ್ದ. "ಯಾರೂ ಇಲ್ರಿ. ಹಂಗ ಬಿಡ್ರಿ," ಎಂದಳು.

"ಬಿಡಾಕ ಬರಂಗಿಲ್ಲ. ಒಂದು ಹೆಸರು ಬೇಕು."

"ನನ್ನ ಹೆಸರು ಬರೀರಿ," ಎಂದ ಉಡಚಪ್ಪ.

ಊರ ಮಂದಿ ಸುತ್ತ ನಿಂತಿದ್ದರು. ಹಾಲು ಹಾಕಲು ಬಂದವರು, ಶಾಲೆಯ ಮಾಸ್ತರರು, ನೀರಿಗೆ ಬಂದ ಹೆಂಗಸರು. ಮಾಳಿಂಗರಾಯರು ಹೆಸರು ಬರೆದು ಮುಂದಿನ ಕಲಮಿಗೆ ಬಂದರು. ಪೆನ್ನು ನಿಂತಿತು.

"ಸಂಬಂಧ ಏನಂತ ಬರೀಲಿ?"

ಉಡಚಪ್ಪ ಜನರನ್ನೆಲ್ಲ ಒಮ್ಮೆ ನೋಡಿದ. ಕೊನೆಗೆ ಅವಳನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಅವನು ಅವಳ ಮುಖವನ್ನು ಹಾಗೆ ನೇರ ನೋಡಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

"ಮನಿಯವರು ಅಂತ ಬರೀರಿ," ಎಂದ.

ಮಂಜವ್ವ ಬೇಡ ಎನ್ನಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಬೆಳಗಿನ 7.20ಕ್ಕೆ ದಸ್ತಗಿರಿ ದಾಖಲಾಯಿತು. ಮಮತಾ ಅವಳ ಕೈ ಹಿಡಿದು ಜೀಪಿಗೆ ಹತ್ತಿಸಿದಳು.

ಲಕ್ಷ್ಮೇಶ್ವರದ ನ್ಯಾಯಾಲಯದಲ್ಲಿ ಮರುದಿನವೇ ಜಾಮೀನು ಸಿಕ್ಕಿತು. ಜಾಮೀನುದಾರ ಉಡಚಪ್ಪ. ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಬರೆಯುವಾಗ ಮಾಳಿಂಗರಾಯರು ಎರಡು ಸಲ ಬರೆದು ಹೊಡೆದು ಹಾಕಿದರು. ಕೊನೆಗೆ ಉಳಿದದ್ದು ಇಷ್ಟು: "ಆರೋಪಿತೆಗೆ ಬಸ್ಸಿಗೆ ಹಾನಿ ಮಾಡುವ ಇರಾದೆ ಇರಲಿಲ್ಲ. ಹಬ್ಬದ ದಿನ ಅದು ಊರಲ್ಲಿ ತಂಗಲಿ ಎಂಬ ಆಸೆ ಇತ್ತು."

ಜಾಮೀನಾದ ದಿನ ಉಡಚಪ್ಪ ರಜೆ ಹಾಕಿದ್ದ. ಸಂಜೆಯ ಬಸ್ಸನ್ನು ಬೇರೆ ಡ್ರೈವರ್ ತಂದಿದ್ದ. ಇಬ್ಬರೂ ಟಿಕೇಟು ತೆಗೆದುಕೊಂಡು ಒಂದೇ ಸೀಟಿನಲ್ಲಿ ಕುಳಿತು ಬನ್ನಿಕಟ್ಟಿಗೆ ಬಂದರು. ಬಸ್ಸು ಹತ್ತು ನಿಮಿಷ ನಿಂತಿತು. ಹೊಸ ಡ್ರೈವರ್ ಗುಡಿಗೆ ಕೈ ಮುಗಿದು ಬಂದು ಹಾರ್ನ್ ಹೊಡೆದ. "ಉಡಚಪ್ಪಣ್ಣ, ಹತ್ತೋ ಮಾರಾಯಾ, ಇದ ಕಡೀ ಬಸ್ಸು," ಎಂದು ಕೂಗಿದ.

ಕಟ್ಟೆಯ ಮೇಲೆ ಚಪ್ಪಲಿ ಬಿಚ್ಚಿ ಕುಳಿತಿದ್ದ ಉಡಚಪ್ಪ, ಹೋಗು ಎಂದು ಕೈ ಮಾಡಿದ. ಬಸ್ಸು ಒಂದೆಳೆ ಹೊಗೆಯಿಲ್ಲದೆ ತಿರುಗಿ ಹೋಯಿತು. ಅವನು ಹೋಗಲಿಲ್ಲ.